ತಂಗಿ ಒಳಗೆ ಬರುತ್ತಾಳೆ, ಗೆಳೆಯರು ಬರುವುದಿಲ್ಲ: ತೋಟದ ಮನೆಯ ಮೈನ್‌ಕ್ರಾಫ್ಟ್ ಸರ್ವರ್

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆ, ತೋಟದೊಳಗೆ. ಡಿಗ್ರಿ ಮುಗಿಸಿ ಈಗ ಮನೆಯಲ್ಲೇ ಇದ್ದೇನೆ. ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಐವರು ಹಾಸನ, ಮಂಗಳೂರು, ಬೆಂಗಳೂರು ಅಂತ ಚದುರಿಹೋಗಿದ್ದಾರೆ. ಎಲ್ಲರೂ ರಾತ್ರಿ ಸೇರಿ ಆಡೋಣ ಎಂದು ಹಳೇ ಲ್ಯಾಪ್‌ಟಾಪಿನಲ್ಲಿ (ಐ5, 8 ಜಿಬಿ ರ‍್ಯಾಮ್, ವಿಂಡೋಸ್) ಮೈನ್‌ಕ್ರಾಫ್ಟ್ ಆಟದ ಜಾವಾ (ಕಂಪ್ಯೂಟರ್) ಆವೃತ್ತಿಯ ಸರ್ವರ್, ಎಂದರೆ ಎಲ್ಲರೂ ಬಂದು ಸೇರುವ ಆಟದ ಲೋಕವನ್ನು ಓಡಿಸುವ ಪ್ರೋಗ್ರಾಂ, ಹಾಕಿದೆ. ಮನೆಯೊಳಗೆ ತಂಗಿ ತನ್ನ ಕಂಪ್ಯೂಟರಿನಿಂದ ಸಲೀಸಾಗಿ ಸೇರುತ್ತಾಳೆ. ಗೆಳೆಯರಿಗೆ ಮಾತ್ರ ‘ಕನೆಕ್ಷನ್ ಟೈಮ್ಡ್ ಔಟ್’ ಬರುತ್ತದೆ. ವಿಡಿಯೊ ನೋಡಿ ರೂಟರಿನಲ್ಲಿ 25565 ಪೋರ್ಟ್ ಫಾರ್ವರ್ಡ್ ಮಾಡಿದೆ (ಹೊರಗಿನಿಂದ ಆ ಸಂಖ್ಯೆಯ ಬಾಗಿಲಿಗೆ ಬಂದದ್ದನ್ನು ಸರ್ವರಿಗೆ ಕಳಿಸುವ ಏರ್ಪಾಡು), ಕೊನೆಗೆ ಲ್ಯಾಪ್‌ಟಾಪನ್ನು ಡಿಎಂಜಡ್‌ಗೂ ಹಾಕಿದೆ. ಪ್ರಯೋಜನವಾಗಲಿಲ್ಲ. ನೆಟ್ ಇಲ್ಲಿನ ಕೇಬಲ್‌ನವರ ಫೈಬರ್, 50 ಎಂಬಿಪಿಎಸ್. ಒಬ್ಬನ ಹತ್ತಿರ ಮೊಬೈಲ್ ಮಾತ್ರ ಇದೆ. ಇನ್ನಿಬ್ಬರು ಆಟ ಕೊಂಡಿಲ್ಲ. ಅಪ್ಪನಿಗೆ ಕರೆಂಟ್ ಬಿಲ್ಲಿನ ಚಿಂತೆ, ಜೊತೆಗೆ ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿದ್ದರಿಂದ ಇನ್ನೊಂದು ಸುಡುತ್ತದೆಂಬ ಭಯ. ಏನು ಮಾಡಲಿ?

ಉತ್ತರ: ನೀವು ಮಾಡಿದ ಸೆಟ್ಟಿಂಗಿನಲ್ಲಿ ತಪ್ಪಿಲ್ಲ. ತಂಗಿ ಒಳಗೆ ಬಂದಳೆಂದರೆ ಸರ್ವರ್ ಓಡುತ್ತಿದೆ, ಜಾವಾ ಸರಿಯಿದೆ, ವಿಂಡೋಸ್ ಫೈರ್‌ವಾಲೂ ದಾರಿ ಬಿಟ್ಟಿದೆ. ತೊಂದರೆ ಇರುವುದು ಬಹುತೇಕ ನಿಮ್ಮ ಮನೆಯಿಂದಾಚೆ. ಹಾಗಿದ್ದರೆ ಅದನ್ನು ರೂಟರಿನ ಯಾವ ಪುಟಕ್ಕೆ ಹೋಗಿ ಏನು ಒತ್ತಿದರೂ ಸರಿಮಾಡಲು ಆಗುವುದಿಲ್ಲ. ನಂಬಿಕೆ ಬರದಿದ್ದರೆ ಐದು ನಿಮಿಷದ ಒಂದು ಪರೀಕ್ಷೆ ಮಾಡಿ.

ಬ್ರೌಸರಿನಲ್ಲಿ ರೂಟರ್ ಪುಟ ತೆರೆಯಿರಿ. ಸಾಮಾನ್ಯವಾಗಿ 192.168.1.1 ಇರುತ್ತದೆ, ಇಲ್ಲವಾದರೆ ಡಬ್ಬಿಯ ತಳದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಸ್ಟೇಟಸ್ ಎಂಬ ಕಡೆ ವ್ಯಾನ್ ಐಪಿ ಅಂತ ಒಂದು ಸಂಖ್ಯೆ (ಕೇಬಲ್‌ನವರು ನಿಮ್ಮ ರೂಟರಿಗೆ ಕೊಟ್ಟ ವಿಳಾಸ) ಕಾಣುತ್ತದೆ, ಬರೆದುಕೊಳ್ಳಿ. ಆಮೇಲೆ ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಎಂದು ಕೇಳಿ, ಅಲ್ಲಿ ಬರುವ ಐಪಿವಿ4 (ಚುಕ್ಕಿಗಳಿಂದ ನಾಲ್ಕು ಭಾಗವಾದ) ಸಂಖ್ಯೆಯನ್ನು ಇದರ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ಆ ವಿಳಾಸ ನಿಮ್ಮ ಮನೆಯದೇ. ಬೇರೆಬೇರೆ ಇದ್ದು, ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅಥವಾ 10ರಿಂದ ಶುರುವಾಗಿದ್ದರೆ, ನಿಮಗೆ ಹೊರಜಗತ್ತಿಗೆ ಕಾಣುವ ಸ್ವಂತ ವಿಳಾಸವೇ ಇಲ್ಲ ಎಂದರ್ಥ. 192.168 ಅಂತ ಬಂದರೆ ಮಾತ್ರ ಸ್ವಲ್ಪ ನಿಲ್ಲಿ. ಕೇಬಲ್‌ನವರು ಕೊಟ್ಟ ಫೈಬರ್ ಡಬ್ಬಿಯ ಹಿಂದೆ ನೀವೇ ಇನ್ನೊಂದು ರೂಟರ್ ಹಾಕಿಕೊಂಡಿರಬಹುದು. ಆಗ ಮೊದಲ ಡಬ್ಬಿಯ ಪುಟಕ್ಕೆ ಹೋಗಿ ಅಲ್ಲಿನ ವ್ಯಾನ್ ಐಪಿ ನೋಡಬೇಕು. ನಿಮ್ಮ ಕಡೆಯ ಕೇಬಲ್ ಫೈಬರಿನಲ್ಲಿ 100 ಇಲ್ಲವೇ 10 ಬರುತ್ತದೆ ಎಂದೇ ನನ್ನ ಅಂದಾಜು.

ಹೀಗೆ ಸ್ವಂತ ವಿಳಾಸವಿಲ್ಲದೆ ಹಲವು ಮನೆಗಳು ಒಂದೇ ವಿಳಾಸ ಹಂಚಿಕೊಳ್ಳುವುದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 429 ಕೋಟಿ. ಅವುಗಳನ್ನು ಜಗತ್ತಿಗೆಲ್ಲ ಹಂಚುವ ಸಂಸ್ಥೆಯ ಬಳಿ ಇದ್ದ ಕೊನೆಯ ಕಂತು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸಲು ಇಂಟರ್‌ನೆಟ್ ಕಂಪನಿಗಳಿಗೆಂದೇ 2012ರ ಏಪ್ರಿಲ್‌ನಲ್ಲಿ 100.64ರ ಸಾಲನ್ನು ಎತ್ತಿಟ್ಟರು. ತಡವಾಗಿ ಕಣಕ್ಕಿಳಿದ ಸಣ್ಣ ಕೇಬಲ್ ಆಪರೇಟರ್‌ಗಳ ಹತ್ತಿರ ಮನೆಗೊಂದು ವಿಳಾಸ ಕೊಡುವಷ್ಟು ದಾಸ್ತಾನು ಇರುವುದಿಲ್ಲ.

ತೋಟದ ಕೆಲಸಗಾರರ ಲೈನ್ ಮನೆಗಳನ್ನು ನೆನಪಿಸಿಕೊಳ್ಳಿ. ಇಪ್ಪತ್ತು ಮನೆ ಇದ್ದರೂ ಅಂಚೆಯವನಿಗೆ ಗೊತ್ತಿರುವುದು ಎಸ್ಟೇಟ್ ಆಫೀಸಿನ ವಿಳಾಸ ಒಂದೇ. ಲೈನಿನಿಂದ ಯಾರಾದರೂ ಕಾಗದ ಬರೆದರೆ ರೈಟರು (ತೋಟದ ಗುಮಾಸ್ತರು) ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಉತ್ತರ ಬಂದಾಗ ಅದೇ ಮನೆಗೆ ಕಳಿಸುತ್ತಾರೆ. ಯಾರೂ ಏನೂ ಬರೆಯದೆ ಹೊರಗಿನಿಂದ ತಾನಾಗಿ ಒಂದು ಕಾಗದ ಬಂದರೆ ಅದು ಯಾರದೆಂದು ರೈಟರಿಗೆ ತಿಳಿಯದು, ಬದಿಗೆ ಹಾಕುತ್ತಾರೆ. ನಿಮ್ಮ ಗೆಳೆಯ ಸರ್ವರಿಗೆ ಸೇರಲು ಹೊರಟಾಗ ಆಗುವುದು ಅದೇ. ನೀವು ಪೋರ್ಟ್ ಫಾರ್ವರ್ಡ್ ಮಾಡಿದ್ದು ನಿಮ್ಮ ಮನೆ ಬಾಗಿಲಲ್ಲಿ. ಅವನ ಕೋರಿಕೆ ಕೇಬಲ್‌ನವರ ಆಫೀಸಿನಲ್ಲೇ ಬಿದ್ದುಹೋಗುತ್ತಿದೆ.

ಹಾಗಾಗಿ ಮೊದಲು ಆ ಡಿಎಂಜಡ್ ತೆಗೆದುಹಾಕಿ, ಪೋರ್ಟ್ ಫಾರ್ವರ್ಡನ್ನೂ ಅಳಿಸಿ. ಗೆಳೆಯರು ಬರಲಾಗದಿದ್ದರೂ ಅದೇ ಕೇಬಲ್‌ನವರ ಬೇರೆ ಗ್ರಾಹಕರು ಒಳಗಿನಿಂದಲೇ ನಿಮ್ಮ ರೂಟರನ್ನು ತಲುಪಬಹುದು. ಎಲ್ಲ ಕಂಪನಿಗಳೂ ಅದನ್ನು ತಡೆದಿರುವುದಿಲ್ಲ. ಡಿಎಂಜಡ್ ಎಂದರೆ ಲ್ಯಾಪ್‌ಟಾಪಿನ ಎಲ್ಲ ಬಾಗಿಲೂ ತೆರೆದು ಮಲಗಿದ ಹಾಗೆ. ಅದನ್ನು ಮಾಡಲು ಹೇಳುವ ವಿಡಿಯೊಗಳ ಮೇಲೆ ನನಗೆ ಸಿಟ್ಟಿದೆ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಸ್ಟಿಕ್ಕರಿನಲ್ಲಿರುವುದೇ ಆಗಿದ್ದರೆ ಅದನ್ನೂ ಈಗಲೇ ಬದಲಾಯಿಸಿಬಿಡಿ.

ಇನ್ನು ದಾರಿಗಳು. ಕೇಬಲ್‌ನವರನ್ನು ಸ್ಟ್ಯಾಟಿಕ್ ಐಪಿ, ಎಂದರೆ ನಿಮಗೇ ಮೀಸಲಾದ ಬದಲಾಗದ ಸಾರ್ವಜನಿಕ ವಿಳಾಸ, ಕೇಳಬಹುದು. ಕೆಲವರು ತಿಂಗಳಿಗಿಷ್ಟು ಎಂದು ತೆಗೆದುಕೊಂಡು ಕೊಡುತ್ತಾರೆ, ಕೆಲವರು ಆಫೀಸ್ ಕನೆಕ್ಷನ್‌ಗೆ ಮಾತ್ರ ಎನ್ನುತ್ತಾರೆ. ಹೊಸ ಬಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6 ಇನ್ನೊಂದು ದಾರಿ. ಅದರಲ್ಲಿ ವಿಳಾಸಗಳಿಗೆ ಬರವಿಲ್ಲ, ಮೈನ್‌ಕ್ರಾಫ್ಟ್ ಜಾವಾ ಅದರ ಮೇಲೆ ಓಡುತ್ತದೆ, ದೇಶದ ಮೊಬೈಲ್ ನೆಟ್‌ವರ್ಕುಗಳಲ್ಲಿ ಅದು ಮಾಮೂಲು. ಆದರೆ ನಿಮ್ಮ ಕೇಬಲ್‌ನವರಲ್ಲೂ ಇರಬೇಕು, ಐವರ ಕಡೆಯೂ ಇರಬೇಕು, ವಿಳಾಸ ಆಗಾಗ ಬದಲಾದರೆ ಸಂಭಾಳಿಸಬೇಕು. ಮೂರನೆಯದು ಪ್ಲೇಇಟ್‌ನಂಥ ಸುರಂಗ ಸೇವೆ. ನಿಮ್ಮ ಲ್ಯಾಪ್‌ಟಾಪು ತಾನೇ ಹೊರಗಿನ ಅವರ ಸರ್ವರಿಗೆ ಒಂದು ಎಳೆ ಕಟ್ಟಿಕೊಳ್ಳುತ್ತದೆ, ಗೆಳೆಯರು ಅವರು ಕೊಟ್ಟ ವಿಳಾಸಕ್ಕೆ ಬರುತ್ತಾರೆ. ಗೆಳೆಯರ ಕಡೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಇದರ ದೊಡ್ಡ ಅನುಕೂಲ ಅದೇ. ತೊಡಕು ಎರಡು: ಆ ವಿಳಾಸಕ್ಕೆ ಊರವರೆಲ್ಲ ಬರಬಹುದು, ಮತ್ತು ನಿಮ್ಮ ಆಟ ಆ ಸರ್ವರ್ ಎಲ್ಲಿದೆಯೋ ಅಲ್ಲಿಗೆ ಸುತ್ತಿ ಬರುತ್ತದೆ.

ಸುತ್ತು ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ ನೋಡಿ. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ 250 ಕಿ.ಮೀ., ಎಂದರೆ ಒಂದೂಕಾಲು ಮಿಲಿಸೆಕೆಂಡಿನ ದಾರಿ. ಹಾಸನ ಅದಕ್ಕಿಂತ ಎಷ್ಟೋ ಹತ್ತಿರ. ಅದೇ ಸುರಂಗ ಸಿಂಗಪುರದ ಮೂಲಕ ಹೋದರೆ ಹಾಸನದವನ ಒಂದು ಕ್ಲಿಕ್ಕು ಮೂರು ಸಾವಿರ ಕಿ.ಮೀ.ಗೂ ಹೆಚ್ಚು ಹೋಗಿ, ಅಷ್ಟೇ ದೂರ ಬಣಕಲ್ಲಿಗೆ ವಾಪಸು ಬಂದು, ಉತ್ತರವೂ ಅದೇ ದಾರಿ ಹಿಡಿಯಬೇಕು. ಬರೀ ಬೆಳಕಿನ ಓಟಕ್ಕೇ 60 ಮಿಲಿಸೆಕೆಂಡ್ ಆಯಿತು. ನಡುವಿನ ಸ್ವಿಚ್ಚುಗಳು, ಸಮುದ್ರದ ಕೇಬಲಿನ ಬಳಸುದಾರಿ ಸೇರಿದರೆ ಇನ್ನೂ ಹೆಚ್ಚು. ಮನೆ ಕಟ್ಟುವುದಕ್ಕೆ, ಗಣಿ ಅಗೆಯುವುದಕ್ಕೆ ಇದು ಅಡ್ಡಿಯಿಲ್ಲ. ಕತ್ತಿ ಹಿಡಿದು ಒಬ್ಬರಿಗೊಬ್ಬರು ಬಡಿದಾಡಲು ಹೊರಟರೆ ಗೊತ್ತಾಗುತ್ತದೆ.

ನಿಮಗೆ ನಾನು ಹೇಳುವುದು ನಾಲ್ಕನೆಯ ದಾರಿ: ಖಾಸಗಿ ನೆಟ್‌ವರ್ಕ್, ಎಂದರೆ ನಿಮ್ಮ ಗುಂಪಿನ ಯಂತ್ರಗಳನ್ನಷ್ಟೇ ಒಂದೇ ಮನೆಯಲ್ಲಿರುವಂತೆ ಇಂಟರ್‌ನೆಟ್ಟಿನ ಮೇಲೆ ಜೋಡಿಸುವುದು. ಸ್ಟ್ಯಾಟಿಕ್ ಐಪಿ ಸಿಕ್ಕರೂ ನಿಮ್ಮ ಗುಂಪಿಗೆ ಇದನ್ನೇ ಹೇಳುತ್ತಿದ್ದೆ. ನೀವು ಆರು ಜನ, ಎಲ್ಲರೂ ಗುರುತಿನವರು. ಜಗತ್ತಿಗೆಲ್ಲ ಬಾಗಿಲು ತೆರೆದು ಆಮೇಲೆ ಬೇಡದವರನ್ನು ತಡೆಯುವ ಕೆಲಸ ನಿಮಗೇಕೆ? ತೆರೆದಿರುವ ಮೈನ್‌ಕ್ರಾಫ್ಟ್ ಪೋರ್ಟುಗಳನ್ನು ಹುಡುಕುತ್ತ ಐಪಿವಿ4 ವಿಳಾಸಗಳನ್ನೆಲ್ಲ ಜಾಲಾಡುವ ಬಾಟ್‌ಗಳು (ತಾವಾಗಿ ಕೆಲಸ ಮಾಡುವ ಪ್ರೋಗ್ರಾಂಗಳು) ಹಗಲು ರಾತ್ರಿ ಓಡುತ್ತಿರುತ್ತವೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ದೋಷ ಹೊರಬಿದ್ದಾಗ, ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿಯೇ ಮೈನ್‌ಕ್ರಾಫ್ಟ್ ಸರ್ವರಿನ ಮೇಲೆ ತಮ್ಮ ಕೋಡ್ ಓಡಿಸಬಹುದಿತ್ತು. ಆಟ ತಯಾರಿಸುವ ಮೊಜಾಂಗ್‌ನವರು 1.18.1 ಆವೃತ್ತಿಯಲ್ಲಿ ಅದನ್ನು ಮುಚ್ಚಿದರು. ಹಳೇ ಆವೃತ್ತಿ ಚೆನ್ನಾಗಿದೆ ಎಂದು ಹಾಗೇ ಬಿಟ್ಟವರು ಸಿಕ್ಕಿಬಿದ್ದರು.

ಖಾಸಗಿ ನೆಟ್‌ವರ್ಕಿಗೆ ಟೈಲ್‌ಸ್ಕೇಲ್ ಎಂಬ ಆಪ್ ಬಳಸಿ. ಮನೆಬಳಕೆಗೆ ಉಚಿತ, ಒಳಗೆ ವೈರ್‌ಗಾರ್ಡ್ ಎಂಬ ಗಟ್ಟಿ ಗೂಢಲಿಪಿ ವ್ಯವಸ್ಥೆ ಇದೆ. ಝೀರೋಟಿಯರ್ ಕೂಡ ಇಂಥದ್ದೇ. ಸರ್ವರ್ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿ ಗೂಗಲ್ ಖಾತೆಯಿಂದ ಲಾಗಿನ್ ಆದರೆ ಅದಕ್ಕೆ 100ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಮೇಲೆ ಹೇಳಿದ ಸಿಜಿನ್ಯಾಟ್ ಸಾಲಿನಿಂದಲೇ ಇವರೂ ವಿಳಾಸ ತೆಗೆದುಕೊಳ್ಳುತ್ತಾರೆ, ಎರಡನ್ನೂ ಕಲಸಿಕೊಳ್ಳಬೇಡಿ. ರೂಟರ್ ಪುಟದಲ್ಲಿ ಕಾಣುವುದು ಕೇಬಲ್‌ನವರದು, ಟೈಲ್‌ಸ್ಕೇಲ್ ಆಪ್‌ನಲ್ಲಿ ಕಾಣುವುದು ನಿಮ್ಮ ಗುಂಪಿನದು.

ಈಗ ಗೆಳೆಯರನ್ನು ಕರೆಯುವ ಬಗೆ. ನಿಮ್ಮ ಖಾತೆಯ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ, ಬಹಳ ಜನ ಮಾಡುವುದೇ ಅದು. ಪ್ರತಿಯೊಬ್ಬರೂ ತಮ್ಮ ಸ್ವಂತ ಖಾತೆ ಮಾಡಿಕೊಳ್ಳಲಿ. ನೀವು ಟೈಲ್‌ಸ್ಕೇಲ್‌ನ ಅಡ್ಮಿನ್ ಪುಟಕ್ಕೆ ಹೋಗಿ ಸರ್ವರ್ ಲ್ಯಾಪ್‌ಟಾಪಿನ ಎದುರಿನ ಮೂರು ಚುಕ್ಕಿ ಒತ್ತಿ ‘ಶೇರ್’ ಕೊಟ್ಟರೆ ಒಂದು ಲಿಂಕ್ ಬರುತ್ತದೆ, ಅದನ್ನು ಕಳಿಸಿ. ಹೀಗೆ ಮಾಡಿದರೆ ಗೆಳೆಯನಿಗೆ ನಿಮ್ಮ ಆ ಒಂದು ಯಂತ್ರ ಮಾತ್ರ ಕಾಣುತ್ತದೆ. ಅಪ್ಪನ ಕಂಪ್ಯೂಟರ್ ಆಗಲಿ, ನಿಮ್ಮ ಫೋನ್ ಆಗಲಿ ಕಾಣುವುದಿಲ್ಲ. ಆಮೇಲೆ ಅವನು ಮೈನ್‌ಕ್ರಾಫ್ಟಿನ ಮಲ್ಟಿಪ್ಲೇಯರ್‌ನಲ್ಲಿ ತನ್ನ ಟೈಲ್‌ಸ್ಕೇಲ್ ಆಪ್ ತೋರಿಸುವ ನಿಮ್ಮ ಯಂತ್ರದ ವಿಳಾಸವನ್ನು ಟೈಪ್ ಮಾಡಬೇಕು. ಸರ್ವರ್ ತಾನಾಗಿ ಪಟ್ಟಿಯಲ್ಲಿ ಮೂಡುವುದಿಲ್ಲ, ಹಾಗೆ ಮೂಡುವುದು ಆಟದೊಳಗಿಂದ ‘ಓಪನ್ ಟು ಲ್ಯಾನ್’ ಕೊಟ್ಟ ಲೋಕ, ಅದೂ ಮನೆಯ ನೆಟ್‌ವರ್ಕಿನೊಳಗೆ ಮಾತ್ರ.

ಮೂರು ಸಂಗತಿ ಜ್ಞಾಪಕ ಇರಲಿ. ಟೈಲ್‌ಸ್ಕೇಲ್ ಪ್ರತಿ ಯಂತ್ರದ ಕೀಲಿಯನ್ನು 180 ದಿನಕ್ಕೊಮ್ಮೆ ಹೊಸದು ಮಾಡಲು ಕೇಳುತ್ತದೆ. ಸರ್ವರ್ ಲ್ಯಾಪ್‌ಟಾಪಿಗೆ ಅಡ್ಮಿನ್ ಪುಟದಲ್ಲೇ ‘ಕೀ ಎಕ್ಸ್‌ಪೈರಿ’ ನಿಲ್ಲಿಸಿಬಿಡಿ, ಇಲ್ಲವಾದರೆ ಆರು ತಿಂಗಳ ನಂತರ ಒಂದು ರಾತ್ರಿ ಯಾರೂ ಒಳಬರಲಾಗದೆ ಕಾರಣವೂ ಹೊಳೆಯುವುದಿಲ್ಲ. ಎರಡನೆಯದು, ಶೇರ್ ಮಾಡಿದ ಯಂತ್ರದ ಎಲ್ಲ ಪೋರ್ಟುಗಳೂ ಮೊದಲಿಗೆ ಗೆಳೆಯರಿಗೆ ಎಟಕುತ್ತವೆ. ಆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಫೈಲ್ ಶೇರಿಂಗ್ ಆಫ್ ಮಾಡಿ, ತೋಟದ ಲೆಕ್ಕ, ಬ್ಯಾಂಕಿನ ಕಾಗದ ಯಾವುದೂ ಅದರಲ್ಲಿ ಬೇಡ. ಮೂರನೆಯದು ವೇಗದ್ದು. ಎರಡೂ ಕಡೆ ಸಿಜಿನ್ಯಾಟ್ ಇದ್ದರೂ ಟೈಲ್‌ಸ್ಕೇಲ್ ಬಹಳ ಸಲ ಎರಡು ಯಂತ್ರಗಳನ್ನು ನೇರವಾಗಿ ಜೋಡಿಸುತ್ತದೆ. ಆಗದಿದ್ದಾಗ ತನ್ನ ರಿಲೇ ಸರ್ವರಿನ ಮೂಲಕ ದಾಟಿಸುತ್ತದೆ. ಆಡುತ್ತಿರುವಾಗ ಗೆಳೆಯ ತನ್ನ ಕಂಪ್ಯೂಟರಿನ ಕಮ್ಯಾಂಡ್ ಪ್ರಾಂಪ್ಟಿನಲ್ಲಿ ‘ಟೈಲ್‌ಸ್ಕೇಲ್ ಸ್ಟೇಟಸ್’ ಎಂದು ಕೊಟ್ಟರೆ ನಿಮ್ಮ ಯಂತ್ರದ ಸಾಲಿನಲ್ಲಿ ‘ಡೈರೆಕ್ಟ್’ ಅಥವಾ ‘ರಿಲೇ’ ಎಂದು ಬರುತ್ತದೆ. ಒಬ್ಬನಿಗೆ ಮಾತ್ರ ಆಟ ಎಳೆಯುತ್ತಿದೆ ಎಂದರೆ ನಾನು ಮೊದಲು ನೋಡುವುದು ಆ ಸಾಲನ್ನು. ರಿಲೇ ಇದ್ದರೆ ಅವನು ಹಾಸ್ಟೆಲ್ ಅಥವಾ ಆಫೀಸ್ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿನಿಂದ ಒಮ್ಮೆ ಪ್ರಯತ್ನಿಸಲಿ, ಕೆಲವು ಸಲ ಅಷ್ಟಕ್ಕೇ ಡೈರೆಕ್ಟ್ ಆಗುತ್ತದೆ.

ಮೊಬೈಲ್ ಗೆಳೆಯನ ವಿಷಯ. ಫೋನಿನಲ್ಲಿ ಓಡುವುದು ಬೆಡ್‌ರಾಕ್ ಆವೃತ್ತಿ, ಅದಕ್ಕೂ ಜಾವಾ ಸರ್ವರಿಗೂ ಮಾತು ಬೇರೆ. ನಡುವೆ ದುಭಾಷಿ ಬೇಕು. ಮೊಜಾಂಗ್‌ನ ಮೂಲ ಸರ್ವರ್ ಬದಲು ಪೇಪರ್ ಎಂಬ ಸರ್ವರ್ ಹಾಕಿ, ಅದು ವೇಗಕ್ಕೂ ಒಳ್ಳೆಯದು, ಪ್ಲಗಿನ್ ಹಾಕಲೂ ಬರುತ್ತದೆ. ಅದರ ಪ್ಲಗಿನ್ಸ್ ಫೋಲ್ಡರಿಗೆ ಗೀಸರ್ ಮತ್ತು ಫ್ಲಡ್‌ಗೇಟ್ ಎಂಬ ಎರಡು ಫೈಲ್ ಹಾಕಿದರೆ ಫೋನಿನವನೂ ನಿಮ್ಮ ಲೋಕಕ್ಕೇ ಬರುತ್ತಾನೆ. ಅವನಿಗೆ ಪೋರ್ಟ್ 19132. ಆಟದೊಳಗೆ ಅವನ ಹೆಸರಿನ ಶುರುವಿನಲ್ಲಿ ಒಂದು ಚುಕ್ಕಿ ಕಂಡರೆ ಗಾಬರಿ ಬೇಡ, ಬೆಡ್‌ರಾಕಿನವರ ಗುರುತಿಗೆಂದು ಫ್ಲಡ್‌ಗೇಟ್ ಇಡುವುದು. ಅವನ ಫೋನಿನಲ್ಲೂ ಟೈಲ್‌ಸ್ಕೇಲ್ ಆಪ್ ಬೇಕು. ಆಂಡ್ರಾಯ್ಡ್ ಒಮ್ಮೆಗೆ ಒಂದೇ ವಿಪಿಎನ್ (ಇಂಥ ಖಾಸಗಿ ನೆಟ್‌ವರ್ಕ್) ಬಿಡುವುದರಿಂದ ಬೇರೆ ವಿಪಿಎನ್ ಇದ್ದರೆ ಆಫ್ ಮಾಡಲಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಈ ಆಪನ್ನು ಹಿನ್ನೆಲೆಯಲ್ಲಿ ಕೊಂದು ಹಾಕುತ್ತದೆ, ಅದಕ್ಕೂ ವಿನಾಯಿತಿ ಕೊಡಲಿ.

ಇನ್ನು ಆ ಹಳೇ ಲ್ಯಾಪ್‌ಟಾಪು. ಆರು ಜನಕ್ಕೆ ಸಾಕು. ಜಾವಾಕ್ಕೆ 4 ಜಿಬಿ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಇರುವ 8ನ್ನೂ ಕೊಟ್ಟರೆ ವಿಂಡೋಸ್ ಉಸಿರುಗಟ್ಟಿ ಡಿಸ್ಕಿನ ಮೇಲೆ ಬೀಳುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಣ ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿಗೇ ಮಾಡಿ. ಯಾರೋ ಹೊಸ ದಿಕ್ಕಿಗೆ ಓಡಿದಾಗ ಎಲ್ಲರೂ ಗಕ್ಕನೆ ನಿಲ್ಲುವ ಕಾಯಿಲೆ ಬಹುಮಟ್ಟಿಗೆ ಅದರಿಂದಲೇ ವಾಸಿಯಾಗುತ್ತದೆ.

ಸರ್ವರ್ ಪ್ರಾಪರ್ಟೀಸ್ ಫೈಲಿನಲ್ಲಿ ‘ವ್ಯೂ ಡಿಸ್ಟೆನ್ಸ್’ ಎಂಬ ಸಾಲು 10 ಇರುತ್ತದೆ. 6 ಮಾಡಿ. ಮೈನ್‌ಕ್ರಾಫ್ಟ್ ತನ್ನ ಲೋಕವನ್ನು 16ಕ್ಕೆ 16 ಅಳತೆಯ ಚಂಕ್‌ಗಳಾಗಿ ಕತ್ತರಿಸಿ ಇಟ್ಟುಕೊಳ್ಳುತ್ತದೆ. ದೂರ 10 ಎಂದರೆ ಪ್ರತಿ ಆಟಗಾರನ ಸುತ್ತ 21ಕ್ಕೆ 21, ಒಟ್ಟು 441 ಚಂಕ್. 6 ಎಂದರೆ 13ಕ್ಕೆ 13, ಬರೀ 169. ಆರು ಜನ ಆರು ದಿಕ್ಕಿಗೆ ಹೋದರೆ ಈ ವ್ಯತ್ಯಾಸ ಆರು ಪಟ್ಟು. ಅಲ್ಲೇ ಇರುವ ‘ಸಿಮ್ಯುಲೇಷನ್ ಡಿಸ್ಟೆನ್ಸ್’ ಅನ್ನೂ 5ಕ್ಕೆ ಇಳಿಸಿ. ಸರ್ವರ್ ಸೆಕೆಂಡಿಗೆ 20 ಬಾರಿ ಲೋಕವನ್ನು ಮುಂದಕ್ಕೆ ನೂಕಬೇಕು, ಪ್ರತಿ ಬಾರಿಗೆ ಸಿಗುವುದು 50 ಮಿಲಿಸೆಕೆಂಡ್. ಆ ಕೆಲಸದ ಮುಖ್ಯ ಭಾಗ ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುತ್ತದೆ, ಹಾಗಾಗಿ ಎಷ್ಟು ಕೋರ್ ಇದೆ ಎನ್ನುವುದರಿಂದ ಹೆಚ್ಚೇನೂ ಆಗದು. ಪೇಪರಿನಲ್ಲಿ ‘ಟಿಪಿಎಸ್’ ಎಂಬ ಕಮ್ಯಾಂಡ್ ಕೊಟ್ಟು ನೋಡಿ, ಸೆಕೆಂಡಿಗೆ ಎಷ್ಟು ಬಾರಿ ನೂಕುತ್ತಿದೆ ಎಂದು ತೋರಿಸುತ್ತದೆ. 20ರ ಹತ್ತಿರ ಇದ್ದೂ ಗೆಳೆಯನಿಗೆ ಎಳೆದರೆ ತೊಂದರೆ ನೆಟ್ಟಿನದು. 15ಕ್ಕೆ ಇಳಿದಿದ್ದರೆ ಲ್ಯಾಪ್‌ಟಾಪಿನದು, ಇಲ್ಲವೇ ಯಾರೋ ನೂರಾರು ಕೋಳಿ ಕೂಡಿಹಾಕಿದ್ದಾರೆ.

ಅದೇ ಫೈಲಿನಲ್ಲಿ ವೈಟ್‌ಲಿಸ್ಟ್ (ಪಟ್ಟಿಯಲ್ಲಿರುವವರಿಗೆ ಮಾತ್ರ ಪ್ರವೇಶ) ಆನ್ ಮಾಡಿ, ಸರ್ವರಿನ ಪರದೆಯಲ್ಲಿ ‘ವೈಟ್‌ಲಿಸ್ಟ್ ಆ್ಯಡ್’ ಕಮ್ಯಾಂಡಿನಿಂದ ನಿಮ್ಮ ಆರು ಹೆಸರನ್ನೂ ತಂಗಿಯದನ್ನೂ ಸೇರಿಸಿ. ಖಾಸಗಿ ನೆಟ್‌ವರ್ಕ್ ಇದ್ದರೂ ಇದು ಇರಲಿ. ವಿಂಡೋಸ್‌ನಲ್ಲಿ ಸ್ಲೀಪ್ ‘ನೆವರ್’ ಮಾಡಿ, ಮುಚ್ಚಳ ಮುಚ್ಚಿದರೆ ‘ಡು ನಥಿಂಗ್’ ಇಡಿ, ಆದರೂ ಮುಚ್ಚಬೇಡಿ, ಬಿಸಿಗಾಳಿ ಹೊರಹೋಗಲಿ. ನೆಟ್ಟಿಗೆ ವೈಫೈ ಬದಲು ಲ್ಯಾನ್ ಕೇಬಲ್. 50 ಎಂಬಿಪಿಎಸ್ ಎನ್ನುವುದು ಡೌನ್‌ಲೋಡ್. ಸರ್ವರಿಗೆ ಬೇಕಾದದ್ದು ಅಪ್‌ಲೋಡ್. ಸ್ಪೀಡ್ ಟೆಸ್ಟ್ ಮಾಡಿ, ಒಬ್ಬರಿಗೆ 1 ಎಂಬಿಪಿಎಸ್‌ನಂತೆ ಧಾರಾಳವಾಗಿ ಲೆಕ್ಕ ಹಿಡಿದರೂ ನಿಮಗೆ 10 ಇದ್ದರೆ ಹೇರಳ.

ಈಗ ಮಳೆಗಾಲದ ಮಾತು. ಬಯಲುಸೀಮೆಯವರು ಬರೆದ ಯಾವ ಸೂಚನೆಯಲ್ಲೂ ಇದು ಇರುವುದಿಲ್ಲ.

ಕರೆಂಟ್ ಹೋದಾಗ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಡೆಸ್ಕ್‌ಟಾಪಿಗಿಂತ ಇದೇ ಮೇಲು. ಆದರೆ ಫೈಬರ್ ಡಬ್ಬಿಗೆ ಬ್ಯಾಟರಿ ಇಲ್ಲ. ಇನ್ವರ್ಟರ್ ಇದ್ದರೂ ಬದಲಾಗುವ ಆ ಚಿಟಿಕೆ ಹೊತ್ತಿನಲ್ಲಿ ಕೆಲವು ಡಬ್ಬಿಗಳು ಆರಿ ಹತ್ತುತ್ತವೆ. ಮತ್ತೆ ಲಿಂಕ್ ಹಿಡಿಯಲು ಒಂದೆರಡು ನಿಮಿಷ ಬೇಕು, ಮೈನ್‌ಕ್ರಾಫ್ಟ್ 30 ಸೆಕೆಂಡ್ ಸದ್ದಿಲ್ಲದಿದ್ದರೆ ಆಟಗಾರನನ್ನು ಹೊರಹಾಕುತ್ತದೆ. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಪುಟ್ಟ ರೂಟರ್ ಯುಪಿಎಸ್ ಇದಕ್ಕೆ ಮದ್ದು. ಡಬ್ಬಿಯ ಅಡಾಪ್ಟರಿನ ಮೇಲೆ ವೋಲ್ಟ್, ಆಂಪಿಯರ್ ಎಷ್ಟೆಂದು ನೋಡಿಯೇ ಕೊಳ್ಳಿ.

ನಿಮ್ಮಲ್ಲಿ ಎಲ್ಲ ಉರಿಯುತ್ತಿದ್ದೂ ನೆಟ್ ಇಲ್ಲ ಎಂದಾದರೆ ಡಬ್ಬಿಯ ದೀಪ ನೋಡಿ. ‘ಲಾಸ್’ (LOS) ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ನಿಮ್ಮ ತನಕ ಬರುತ್ತಿಲ್ಲ. ಸಿಲ್ವರ್ ಓಕ್ ಮರದಿಂದ ಮರಕ್ಕೆ ಎಳೆದ ಫೈಬರಿನ ಮೇಲೆ ಎಲ್ಲೋ ಕೊಂಬೆ ಬಿದ್ದಿದೆ, ಅಥವಾ ಕೇಬಲ್‌ನವರ ತುದಿಯ ಯಂತ್ರಕ್ಕೇ ಕರೆಂಟಿಲ್ಲ. ನಡುದಾರಿಯಲ್ಲಿ ಬೆಳಕನ್ನು ಕವಲೊಡೆಸುವ ಸ್ಪ್ಲಿಟರಿಗೆ ವಿದ್ಯುತ್ ಬೇಡ, ಆ ತುದಿಯ ಯಂತ್ರಕ್ಕೆ ಬೇಕು. ಆರಿದ್ರಾ, ಪುನರ್ವಸು ಮಳೆಯಲ್ಲಿ ಊರಿಗೂರೇ ಎರಡು ದಿನ ಕತ್ತಲಾದಾಗ ಅವರ ಬ್ಯಾಟರಿಯೂ ಮುಗಿಯುತ್ತದೆ. ಅಂಥ ರಾತ್ರಿ ಸರ್ವರ್ ಆಸೆ ಬಿಟ್ಟು ಮಲಗುವುದೇ ಸರಿ.

ಸಿಡಿಲಿನ ಬಗ್ಗೆ ಅಪ್ಪನ ಭಯ ನ್ಯಾಯವಾದದ್ದೇ. ನಿಮ್ಮ ಕಡೆ ಸುಡುವುದು ಸುರಿಯುವ ಮುಂಗಾರಿಗಿಂತ ಅದಕ್ಕೆ ಮುಂಚಿನ ಗುಡುಗಿನ ಮಳೆಯಲ್ಲಿ: ಹೂಮಳೆಯಿಂದ ಹಿಡಿದು ಭರಣಿ, ಕೃತ್ತಿಕೆ, ರೋಹಿಣಿಯವರೆಗೆ. ಗಾಜಿನ ಎಳೆ ವಿದ್ಯುತ್ ಹೊರುವುದಿಲ್ಲ. ಹಾಗಾದರೆ ಮೋಡೆಮ್ ಹೇಗೆ ಸುಟ್ಟಿತು? ಹಳೆಯದು ತಾಮ್ರದ ಫೋನ್ ಲೈನಿನದಾಗಿದ್ದರೆ ಆ ತಂತಿಯಿಂದ. ಫೈಬರಿನದಾಗಿದ್ದರೆ ಕರೆಂಟಿನ ಪ್ಲಗ್ಗಿನಿಂದ. ಇನ್ನೊಂದು ದಾರಿಯೂ ಇದೆ. ಕಂಬದಿಂದ ಮನೆಗೆ ಬರುವ ಚಪ್ಪಟೆ ಕಪ್ಪು ಕೇಬಲಿನ ಒಂದು ಅಂಚಿನಲ್ಲಿ ಬಿಗಿಗೆಂದು ಉಕ್ಕಿನ ತಂತಿ ಇರುತ್ತದೆ. ಅದು ಹೊರಗಿನ ಕ್ಲ್ಯಾಂಪಿನಲ್ಲೇ ಮುಗಿಯಬೇಕು. ಡಬ್ಬಿಯವರೆಗೂ ಒಳಗೆ ಎಳೆದು ತಂದಿದ್ದರೆ ಕೇಬಲ್ ಹುಡುಗನಿಗೆ ಹೇಳಿ ಹೊರಗೇ ಕತ್ತರಿಸಿಸಿ.

ಸರ್ಜ್ ಪ್ರೊಟೆಕ್ಟರ್ ಕೊಳ್ಳುವ ಮುಂಚೆ ಮನೆಯ ಅರ್ತಿಂಗ್ ಪರೀಕ್ಷಿಸಿ. ಹಳೇ ತೋಟದ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅರ್ತ್ ಇಲ್ಲದ ಪ್ರೊಟೆಕ್ಟರ್ ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ನೋಡಿಸಿ. ಅದೆಲ್ಲ ಇದ್ದರೂ ಗುಡುಗು ಹತ್ತಿರ ಬಂದಾಗ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರಿನ ಪ್ಲಗ್ ಕಿತ್ತಿಡಿ, ಲ್ಯಾಪ್‌ಟಾಪಿನಿಂದ ಲ್ಯಾನ್ ಕೇಬಲನ್ನೂ ತೆಗೆಯಿರಿ. ಮೊದಲೇ ಸರ್ವರಿನ ಕಪ್ಪು ಪರದೆಯಲ್ಲಿ ‘ಸ್ಟಾಪ್’ ಎಂದು ಬರೆದು ಎಂಟರ್ ಒತ್ತಿ. ಆಗ ಲೋಕ ಪೂರ್ತಿ ಸೇವ್ ಆಗಿ ಮುಚ್ಚುತ್ತದೆ. ಕಿಟಕಿಯ ಮೂಲೆಯ ಕತ್ತರಿ (X) ಗುರುತು ಒತ್ತಿ ಮುಚ್ಚುವ ಅಭ್ಯಾಸ ಬೇಡ.

ಆಗಾಗ ಸೇವ್ ಆಗುತ್ತಿದ್ದರೂ ಬ್ಯಾಕಪ್ ಬೇರೆಯೇ ಬೇಕು. ಸರ್ವರ್ ನಿಲ್ಲಿಸಿ ಇಡೀ ಸರ್ವರ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ದಿನಾಂಕ ಬರೆದಿಡಿ. ‘ವರ್ಲ್ಡ್’ ಒಂದನ್ನೇ ತೆಗೆದರೆ ಆಟದ ಇನ್ನೆರಡು ಲೋಕಗಳಾದ ನೆದರ್, ಎಂಡ್ ಬೇರೆ ಫೋಲ್ಡರಿನಲ್ಲಿ ಉಳಿದುಹೋಗಬಹುದು. ಆವೃತ್ತಿ ಏರಿಸುವ ಹಿಂದಿನ ದಿನ ಇದು ಕಡ್ಡಾಯ, ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಲೋಕವನ್ನು ಹಳೆಯದಕ್ಕೆ ಇಳಿಸಲು ಬರುವುದಿಲ್ಲ. 1.20.5ರಿಂದಾಚೆ ಜಾವಾ 17 ಸಾಲದು, ಕನಿಷ್ಠ 21 ಬೇಕು ಎನ್ನುವುದೂ ಗೊತ್ತಿರಲಿ.

ಬಿಲ್ಲಿನ ಲೆಕ್ಕ ಅಪ್ಪನಿಗೆ ಹೀಗೆ ಹೇಳಿ. ಇಂಥ ಲ್ಯಾಪ್‌ಟಾಪು ಸರ್ವರ್ ಓಡಿಸುವಾಗ ಸರಾಸರಿ 25 ವ್ಯಾಟ್ ಎಂದುಕೊಳ್ಳೋಣ. ದಿನದ 24 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್. ರಾತ್ರಿ 4 ಗಂಟೆ ಮಾತ್ರ ಎಂದರೆ 3 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು 200 ಯೂನಿಟ್ ಮಿತಿಯೊಳಗೆ, ಅದೂ ನಿಮ್ಮ ಮನೆಯ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಕಟ್ಟಿದ ಅರ್ಹತೆಯಷ್ಟು. ಅದರ ಮೇಲಿನದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರಾ ಬಿಲ್ ಬರುತ್ತದೆ. ಅಂಚಿನಲ್ಲಿರುವ ಮನೆಗೆ ಈ 18 ಯೂನಿಟ್ಟೇ ಹೆಚ್ಚಾಗಬಹುದು. ಹಾಗಾಗಿ ದಿನವಿಡೀ ಓಡಿಸಬೇಡಿ. ಆರು ಜನರೂ ಕೆಲಸ ಮುಗಿಸಿ ಬರುವ ಹೊತ್ತು ಗೊತ್ತುಮಾಡಿಕೊಂಡು ಆಗ ಮಾತ್ರ ಹಾಕಿ. ಬ್ಯಾಟರಿ ಊದುವ ಅಪಾಯವೂ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪಿನ ಕಂಪನಿ ಆಪ್‌ನಲ್ಲಿ ಚಾರ್ಜ್ ಮಿತಿ ಇದ್ದರೆ 80ಕ್ಕೋ 60ಕ್ಕೋ ಕಟ್ಟಿಬಿಡಿ.

ಉಳಿದದ್ದು ಆಟ ಕೊಳ್ಳದ ಇಬ್ಬರು. ‘ಆನ್‌ಲೈನ್ ಮೋಡ್’ ಆಫ್ ಮಾಡಿದರೆ ಕ್ರ್ಯಾಕ್ ಲಾಂಚರಿನವರೂ ಬರಬಹುದು ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಮಾಡಬೇಡಿ. ಅದು ಆಟದ ಒಪ್ಪಂದಕ್ಕೆ ವಿರುದ್ಧ, ಮೇಲಾಗಿ ಆ ಸಾಲು ಆಫ್ ಆದರೆ ಸರ್ವರ್ ಯಾರ ಗುರುತನ್ನೂ ಪರೀಕ್ಷಿಸುವುದಿಲ್ಲ. ನಿಮ್ಮ ಹೆಸರು ಟೈಪ್ ಮಾಡಿದವನು ನೀವೇ ಆಗಿ, ನಿಮ್ಮ ಅಡ್ಮಿನ್ ಅಧಿಕಾರವೂ ಅವನದಾಗುತ್ತದೆ. ಕ್ರ್ಯಾಕ್ ಲಾಂಚರುಗಳೊಳಗೆ ಇನ್ನೇನು ಸೇರಿಕೊಂಡಿದೆಯೋ ಯಾರು ಬಲ್ಲರು. ಗೀಸರ್ ಹೇಗೂ ಹಾಕುತ್ತೀರಿ, ಇಬ್ಬರೂ ಫೋನಿನ ಬೆಡ್‌ರಾಕ್ ಆವೃತ್ತಿ ಕೊಳ್ಳಲಿ, ಕಂಪ್ಯೂಟರಿನದಕ್ಕಿಂತ ಅದು ಬಹಳ ಅಗ್ಗ. ಅಷ್ಟೂ ಬೇಡವೆಂದರೆ ಲೂವಾಂಟಿ ಎಂಬುದಿದೆ. ಮೊದಲು ಮೈನ್‌ಟೆಸ್ಟ್ ಎನ್ನುತ್ತಿದ್ದರು, 2024ರಲ್ಲಿ ಹೆಸರು ಬದಲಾಯಿಸಿಕೊಂಡರು. ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಇದೇ ಲ್ಯಾಪ್‌ಟಾಪಿನಲ್ಲಿ ಇನ್ನೂ ಹಗುರವಾಗಿ ಓಡುತ್ತದೆ. ಸರ್ವರಿನ ಪೋರ್ಟ್ 30000. ಟೈಲ್‌ಸ್ಕೇಲ್ ವ್ಯವಸ್ಥೆ ಮೇಲೆ ಹೇಳಿದಂತೆಯೇ, ಅದರಲ್ಲಿ ಏನೂ ಬದಲಿಸಬೇಕಿಲ್ಲ.